ಐದು ನಕ್ಷತ್ರ

ನನ್ನ ಕೆಲಸ ಏನೆಂದು ಅಮ್ಮನಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಕೇಳಿದವರಿಗೆ ‘ಬೆಂಗಳೂರಿನಲ್ಲಿ ಕಂಪ್ಯೂಟರ್’ ಎಂದು ಹೇಳಿ ಮುಗಿಸುತ್ತಿದ್ದಳು. ಅಣ್ಣನ ವಿಷಯದಲ್ಲಿ ಆ ಕಷ್ಟವಿಲ್ಲ. ಅವನದು ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ. ಪಾಳಿ ಮುಗಿದರೆ ಮುಗಿಯಿತು. ಬೈಕು ಹತ್ತಿ ಮನೆಗೆ ಬಂದು, ಕೈಕಾಲು ತೊಳೆದು ಮುದ್ದೆಯ ಮುಂದೆ ಕೂರುತ್ತಾನೆ. ಹೆಚ್ಚಿನ ಗಂಟೆ ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ನಾನು ಆರು ವರ್ಷ ದುಡಿದ ಡಿಜಿಟಲ್ ಮಾರ್ಕೆಟಿಂಗ್ ಕಚೇರಿಯಲ್ಲಿ ಹೆಚ್ಚಿನ ಗಂಟೆ ಯಾವುದು, ಕಡಿಮೆ ಗಂಟೆ ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಗಿರಾಕಿಯ ವಾಟ್ಸಾಪ್ ಬಂದರೆ ಹಗಲು ಮತ್ತೆ ಶುರುವಾದಂತೆ.

ಕೆಲಸವೇನೋ ನನಗೆ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ. ಹಲ್ಲಿನ ಡಾಕ್ಟರು, ಸೀರೆ ಅಂಗಡಿ, ಪಾತ್ರೆ ವ್ಯಾಪಾರಿ, ಹೀಗೆ ಯಾರ್ಯಾರದೋ ಬೋರ್ಡನ್ನು ಜನರ ಫೋನಿನಲ್ಲಿ ಮೊದಲು ಕಾಣುವಂತೆ ಮಾಡುವುದು. ನನ್ನ ಪಾಲಿಗೆ ಕನ್ನಡದ ಬರವಣಿಗೆ. ಗೂಗಲ್ ಜಾಹೀರಾತಿನ ಶೀರ್ಷಿಕೆಗೆ 30 ಅಕ್ಷರ, ವಿವರಣೆಗೆ 90, ಅಷ್ಟರಲ್ಲೇ ಮುಗಿಸಬೇಕು. ಅದರಲ್ಲೂ ಯಂತ್ರ ಕೊಂಬು, ಗುಡಿಸುಗಳನ್ನೂ ಬೇರೆಬೇರೆ ಅಕ್ಷರವೆಂದೇ ಎಣಿಸುತ್ತದೆ. ‘ಗೌರಿಬಿದನೂರು’ ನಮ್ಮ ಕಣ್ಣಿಗೆ ಆರು ಅಕ್ಷರ, ಅದರ ಲೆಕ್ಕಕ್ಕೆ 11! ಸ್ವಂತ ಊರಿನ ಹೆಸರು ಹಾಕಲೂ ಜಿಪುಣತನ ಮಾಡಬೇಕಾದ ವೃತ್ತಿ ಅದು. ಆದರೂ ನಾನು ಬರೆದ ನಾಲ್ಕು ಪದ ನೋಡಿ ಪಾತ್ರೆ ಅಂಗಡಿಗೆ ಜನ ಬಂದರೆಂದು ಕೇಳಿದ ದಿನ ಕಾಫಿಗೆ ಹೆಚ್ಚಿನ ರುಚಿ ಬರುತ್ತಿತ್ತು.

ಶನಿವಾರ ಸಂಜೆ ಊರಿನ ರೈಲು ಹತ್ತುತ್ತಿದ್ದೆ. ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಬೆಟ್ಟದ ಬಳಿ ಬರುವಾಗ ಫೋನಿಗೆ ಸಿಗ್ನಲ್ ಹೋಗುತ್ತಿತ್ತು. ವಾರದ ರಜೆ ಎಂದರೆ ಅಷ್ಟೇ. ತೊಂಡೇಭಾವಿಯ ಹೊತ್ತಿಗೆ ಅದು ಮತ್ತೆ ಟಿಣ್ ಟಿಣ್ ಎನ್ನುತ್ತಿತ್ತು.

ಒಂದು ವರ್ಷ ಬಂದವರೆಲ್ಲ ಬಿಟ್ಟುಹೋಗತೊಡಗಿದರು. ಹೊಸಬರು ಸಿಗಲಿಲ್ಲ. ಕೆಲಸಕ್ಕೆ ಸೇರುವ ಮೊದಲು ಹುಡುಗರು ಆ ಕಚೇರಿಯ ಬಗ್ಗೆ ಅಲ್ಲಿ ದುಡಿದವರು ಬರೆದದ್ದನ್ನು ಓದುತ್ತಾರೆ. ನಮ್ಮದಕ್ಕೆ ಎರಡು ನಕ್ಷತ್ರ. ಮೇಲಿನವರು ನಮ್ಮನ್ನು ಕೂರಿಸಿಕೊಂಡು, ‘ನಿಮ್ಮ ಮನಸ್ಸಿನಲ್ಲಿರುವುದನ್ನೇ ಬರೆಯಿರಿ, ಸಂಜೆಯೊಳಗೆ ಫೋಟೊ ತೆಗೆದು ನನಗೆ ಕಳಿಸಿ’ ಎಂದರು. ಮನಸ್ಸಿನಲ್ಲಿರುವುದಕ್ಕೆ ಫೋಟೊ ಏಕೆ ಎಂದು ಯಾರೂ ಕೇಳಲಿಲ್ಲ. ಸಂಬಳ ಹೆಚ್ಚಿಸುವ ತಿಂಗಳು ಅದು. ಕೊಂಡವರು ಬರೆಯುವ ವಿಮರ್ಶೆಗಳಿಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕ ತಂದಿದೆ. ದುಡಿಯುವವರು ಧಣಿಯ ಬಗ್ಗೆ ಬರೆಯುವುದು ಅದರ ಬಾಬಿಗೆ ಬರುವುದಿಲ್ಲ.

ಬರೆಯುವುದೇ ಕಸುಬಾದ್ದರಿಂದ ನನ್ನದು ಚೆನ್ನಾಗಿಯೇ ಬಂತು. ‘ಮನೆಯಂಥ ವಾತಾವರಣ, ಕಲಿಯಲು ಬೇಕಾದಷ್ಟು ಅವಕಾಶ.’ ಎರಡನೆಯದು ನಿಜವೇ. ಐದು ನಕ್ಷತ್ರ ಒತ್ತಿದೆ. ಹೆಸರು ಹಾಕುವ ಅಗತ್ಯವಿರಲಿಲ್ಲ.

ಮೂರು ತಿಂಗಳಿಗೆ ನಮ್ಮ ಬೀದಿಯ ಹುಡುಗನೊಬ್ಬ ಅಲ್ಲೇ ಸೇರಿದ. ನನ್ನನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದೆನೇನೋ. ಕೇಳಲಿಲ್ಲ, ಅಚ್ಚರಿ ಕೊಡಬೇಕೆಂದಿದ್ದನಂತೆ. ಕುಡುಮಲಕುಂಟೆಯಲ್ಲಿ ಅಣ್ಣ ಕೊಡಿಸಲಿದ್ದ ಕೆಲಸವನ್ನು ಬಿಟ್ಟು ಬಂದಿದ್ದ. ಎಂಟು ತಿಂಗಳಲ್ಲಿ ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಗಿರಾಕಿಯೊಬ್ಬ ಕೈಬಿಟ್ಟ ವಾರ, ಕೊನೆಗೆ ಬಂದವನೆಂದು ಅವನನ್ನೇ ಮೊದಲು ಕಳಿಸಿದರು.

ಆ ಶನಿವಾರ ಇಬ್ಬರೂ ಒಂದೇ ಬೋಗಿಯಲ್ಲಿದ್ದೆವು. ಬೈಯುತ್ತಾನೆಂದುಕೊಂಡಿದ್ದೆ. ಅವನು ಕಡಲೆಕಾಯಿ ಸುಲಿಯುತ್ತಾ, ‘ಅಕ್ಕ, ಅಷ್ಟು ಚೆನ್ನಾಗಿ ಬರೆದೋರು ಯಾರಿರಬಹುದು? ಪಾಪ, ಅವರಿಗೆ ನಿಜವಾಗ್ಲೂ ಚೆನ್ನಾಗೇ ಇತ್ತೇನೋ’ ಅಂದ. ಮಾಕಳಿದುರ್ಗ ಬಂತು. ಫೋನು ನೋಡುವ ನೆಪವೂ ಇರಲಿಲ್ಲ. ಕಿಟಕಿಯಾಚೆ ಬೆಟ್ಟ ನೋಡುತ್ತಾ ಕೂತೆ. ಅವನು ಸುಲಿದ ಕಾಳನ್ನು ನನ್ನ ಅಂಗೈಗೆ ಹಾಕಿದ.