ಬಾಯ್ಕಾಟ್ ಸಾಹೇಬನೂ ಅಂಕೋಲೆಯ ಉಪ್ಪೂ

ಕಾರವಾರದಿಂದ ಹೊರಟ ಬಸ್ಸಿನಲ್ಲಿ ನನ್ನ ಪಾಲಿಗೆ ಬಂದದ್ದು ತೆರೆಯಲೊಲ್ಲದ ಕಿಟಕಿ. ಅಂಗಿ ಬೆನ್ನಿಗೆ ಅಂಟಿದೆ. ಬಿಣಗಾ ದಾಟಿ ಅರಗಾದ ಕಡೆ ಹೊರಳುತ್ತಲೇ ಬಲಕ್ಕೆ ಕಡಲು, ಎಡಕ್ಕೆ ಕಾಡುಗುಡ್ಡ! ಗದಗಿನ ಎರೆಹೊಲ ನೋಡಿ ಬೆಳೆದ ಕಣ್ಣಿಗೆ ಇಷ್ಟು ನೀರು, ಇಷ್ಟು ಹಸಿರು ಒಟ್ಟಿಗೆ ಸಿಕ್ಕಿದರೆ ಬೆವರಿನ ನೆನಪೆಲ್ಲಿ?

ತೊಡೆಯ ಮೇಲಿರುವುದು ಐರ್ಲೆಂಡಿನ ಪುಸ್ತಕ. 1880ರ ಮೇಯೋ ಸೀಮೆ. ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಕಾರಭಾರಿ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಗೇಣಿ ಇಳಿಸಿ ಎಂದ ರೈತರನ್ನು ಒಕ್ಕಲೆಬ್ಬಿಸಲು ಹೊರಟ. ಯಾರೂ ಅವನ ಮೈ ಮುಟ್ಟಲಿಲ್ಲ. ಆಳುಗಳು ಹೊಲ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಕೀಳಲು ಅಲ್‌ಸ್ಟರ್‌ನಿಂದ 50 ಮಂದಿ ಬಂದರು. ಅವರ ಕಾವಲಿಗೆ ಸಾವಿರದಷ್ಟು ಸೈನಿಕರು, ಪೊಲೀಸರು! ಡಿಸೆಂಬರಿನಲ್ಲಿ ಅವನು ಐರ್ಲೆಂಡನ್ನೇ ಬಿಟ್ಟ. ಹೆಸರು ಮಾತ್ರ ಇಂಗ್ಲಿಷಿಗೆ ಕ್ರಿಯಾಪದವಾಯಿತು. ನಾವು ‘ಬಾಯ್ಕಾಟ್ ಮಾಡಿ’ ಎನ್ನುವಾಗ ಕೂಗುವುದು ಆ ಕಾರಭಾರಿಯನ್ನೇ.

ಅಂಕೋಲೆಯಲ್ಲಿ ಇಳಿದು ಚಹಾ ಕೇಳುತ್ತೇನೆ. “ಎಂತಾ ನೋಡೂಕೆ ಬಂದ್ರಿ?” ಎನ್ನುತ್ತಾರೆ ಅಂಗಡಿಯ ಅಜ್ಜ. ಉಪ್ಪಿನ ಸತ್ಯಾಗ್ರಹದ ಊರು ಎಂದದ್ದೇ ತಡ, ಚಹಾ ಸೋಸುವುದನ್ನು ಬಿಟ್ಟು ಹೊರಗೆ ಬಂದು ದಾರಿ ತೋರಿಸುತ್ತಾರೆ.

1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿಯಿತು. ಮೊದಲ ಪೊಟ್ಟಣ 30 ರೂಪಾಯಿಗೆ ಹರಾಜಾಯಿತು. ಆಮೇಲೆ ಬಂದದ್ದು ಕರನಿರಾಕರಣೆ. ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟಲಿಲ್ಲ. ಸರ್ಕಾರ ಗದ್ದೆ, ಮನೆ, ದನ, ಪಾತ್ರೆಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಜಪ್ತಿಯ ಭೂಮಿ ಕೊಂಡವರಿಗೆ ಊರಿನ ಬಹಿಷ್ಕಾರ. 1932ರಲ್ಲಿ ಸಿದ್ದಾಪುರ ಸೀಮೆಯ ಹೆಂಗಸರು ಅಂಥವರ ಬಾಗಿಲಲ್ಲೇ ಉಪವಾಸ ಕೂತರು. ಮೇಯೋದಲ್ಲಿ ನಡೆದದ್ದು ಅರ್ಧ ಶತಮಾನದ ಮೇಲೆ ಇಲ್ಲೂ ನಡೆಯಿತು. ಆದರೆ ಬಾಗಿಲಿಗೆ ಹೋಗಿ ತಾವೇ ಹಸಿದು ಕೂರುವ ಈ ಬಗೆಯನ್ನು ನಾನು ಐರ್ಲೆಂಡಿನ ಪುಸ್ತಕದಲ್ಲಿ ಕಾಣಲಿಲ್ಲ. ನನಗೆ ಇದೇ ದೊಡ್ಡದು.

ಅಂಕೋಲೆ ಹತ್ತಿರದ ಹಳ್ಳಿ ಸೂರ್ವೆಯ ಹಾದಿ ಹಿಡಿಯುತ್ತೇನೆ. ಗದ್ದೆಯ ಅಂಚಿನಲ್ಲಿ ಚಪ್ಪಲಿ ಕೆಸರಿನಲ್ಲಿ ಹೂತು, ಕೈಯಲ್ಲಿ ಹಿಡಿದೇ ನಡೆಯಬೇಕಾಯಿತು. ಕಾಲಿಗೆ ತಣ್ಣಗೆ ತಾಗುವ ಈ ಮಣ್ಣನ್ನೇ ಕಂದಾಯ ಕಟ್ಟದ ಆ ರೈತರು ಪಣಕ್ಕಿಟ್ಟದ್ದು!

ಗುಜರಾತಿನ ಬಾರ್ಡೋಲಿಯ ಕರನಿರಾಕರಣೆಯನ್ನು ನೆನಪಿಸುವ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಅಂಕೋಲೆಗೆ ಸುಮ್ಮನೆ ಬಂದಿಲ್ಲ. ಗೋಕರ್ಣಕ್ಕೆ ಹೋಗುವವರು ದಯವಿಟ್ಟು ಇಲ್ಲೊಮ್ಮೆ ಇಳಿಯಿರಿ. ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನ ಪೇಟೆಯಲ್ಲೇ ಇದೆ.