ಪದಕದ ಮೇಲಿನ ಕುದುರೆ

ಹಾಸನ ಜಿಲ್ಲೆಯ ಗ್ರಾಮವೊಂದರ ಹಳೆಯ ಮನೆಯಲ್ಲಿ ಮೂರು ತಲೆಮಾರುಗಳಿಂದ ಒಂದು ಪದಕವನ್ನು ಕಾಪಾಡಿಕೊಂಡು ಬರಲಾಗಿತ್ತು. ಅದರ ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಮುಖದಲ್ಲಿ ಕುದುರೆಯನ್ನೇರಿದ ಪುರುಷನೊಬ್ಬನ ಆಕೃತಿ, 1914 ಮತ್ತು 1918 ಎಂಬ ಅಂಕೆಗಳು. ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಮರಳಿ ಬಾರದ ಹಿರಿಯರೊಬ್ಬರಿಗೆ ಸಂದ ಪದಕವದು. ಕುದುರೆಯ ಮೇಲೆ ಕುಳಿತವರು ಅವರೇ ಎಂದು ಮನೆಯ ಮಕ್ಕಳಿಗೆಲ್ಲ ಹೇಳಲಾಗುತ್ತಿತ್ತು. ಅವರು ಮೈಸೂರು ಲ್ಯಾನ್ಸರ್ಸ್ ದಳದ ಸವಾರರಾಗಿದ್ದರೆಂದೂ ಹೈಫಾ ಪಟ್ಟಣವನ್ನು ಗೆದ್ದ ದಿನ ಈಟಿ ಹಿಡಿದು ನುಗ್ಗಿ ಮಡಿದರೆಂದೂ ಮನೆತನದ ಕಥೆ.

ಕಥೆ ನಂಬಲಾಗದ್ದೇನೂ ಅಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಮೆಷಿನ್‌ಗನ್ನುಗಳ ಎದುರಿಗೆ ಕುದುರೆಗಳನ್ನು ಓಡಿಸಿ ಹೈಫಾವನ್ನು ತುರ್ಕರಿಂದ ಕಿತ್ತುಕೊಂಡದ್ದು ಚರಿತ್ರೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದುಗಳ ಸವಾರರ ನೆನಪಿಗಾಗಿ ನಿಂತಿವೆ. ಹಳೆಯ ಮೈಸೂರಿನ ಮನೆತನವೊಂದು ಆ ಕೀರ್ತಿಯಲ್ಲಿ ತನಗೂ ಒಂದು ಪಾಲಿದೆಯೆಂದು ಹೇಳಿಕೊಂಡರೆ ಆಶ್ಚರ್ಯವೇನು?

2002ರಲ್ಲಿ ಆ ಮನೆತನದವರು ಊರಿನ ಶಾಲೆಗೆ ಒಂದು ಕೊಠಡಿಯನ್ನು ಕಟ್ಟಿಸಿಕೊಡಲು ಮುಂದಾದರು. ಹೆಚ್ಚಿನ ಹಣ ಕೊಟ್ಟವರು ದಾಯಾದಿಗಳಲ್ಲಿ ಹಿರಿಯರಾದ ಒಬ್ಬ ಅಣ್ಣ. ಗೋಡೆಗೆ ಹಾಕಿಸುವ ಕಲ್ಲಿನ ಒಕ್ಕಣೆಯನ್ನು ಬರೆಯುವ ಕೆಲಸ, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದ ತಮ್ಮನ ಪಾಲಿಗೆ ಬಂದಿತು. ಮಡಿದವರು ಈ ಮೇಷ್ಟರಿಗೆ ತಂದೆಯ ತಂದೆ. ಮರಣದ ದಿನಾಂಕವನ್ನು ಬರೆಯಬೇಕೆಂದು ಅವರು ಹುಡುಕಲಾರಂಭಿಸಿದರೇ ಹೊರತು, ಕಥೆಯನ್ನು ಪರೀಕ್ಷಿಸಬೇಕೆಂದಲ್ಲ.

ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕವನ್ನು ಅವರು ಮೊದಲು ನೋಡಿ ಬಂದರು. ಅಲ್ಲಿ ಅಜ್ಜನ ಹೆಸರು ಕಾಣಲಿಲ್ಲ. ಆಮೇಲೆ ಪದಕವನ್ನೇ ಭೂತಗನ್ನಡಿಯ ಕೆಳಗೆ ಹಿಡಿದರು. ಆ ಕಾಲದ ಬ್ರಿಟಿಷ್ ಪದಕಗಳ ಅಂಚಿನ ಸುತ್ತ ಪಡೆದವನ ಸಂಖ್ಯೆ, ಹೆಸರು, ದಳಗಳನ್ನು ಅಚ್ಚೊತ್ತುವ ಪದ್ಧತಿಯಿತ್ತು. ಪ್ರತಿ ದೀಪಾವಳಿಯಲ್ಲೂ ಹುಣಸೆಹಣ್ಣು ಹಾಕಿ ತಿಕ್ಕಿದ ಭಕ್ತಿಯಿಂದಾಗಿ ಅಕ್ಷರಗಳು ಸವೆದಿದ್ದವು. ಆದರೂ ಸಂಖ್ಯೆ ಪೂರ್ತಿಯಾಗಿಯೂ ಹೆಸರು ಅರ್ಧವಾಗಿಯೂ ಉಳಿದಿದ್ದವು. ದಳದ ಹೆಸರಿನ ಜಾಗದಲ್ಲಿದ್ದುದು ಲ್ಯಾನ್ಸರ್ಸ್ ಎಂದಲ್ಲ, ಲೇಬರ್ ಎಂದು.

ಲೋಹವೂ ಅದನ್ನೇ ಹೇಳುತ್ತಿತ್ತು. ಈ ಪದಕವನ್ನು ಸೈನಿಕರಿಗೆ ಬೆಳ್ಳಿಯಲ್ಲಿ ಕೊಡಲಾಯಿತು. ಭಾರತ, ಚೀನಾ, ಮಾಲ್ಟಾ ಮುಂತಾದ ದೇಶಗಳ ಕೂಲಿ ದಳಗಳವರಿಗೆ ಕೊಟ್ಟದ್ದು ಕಂಚು. ಅಂಥವು ಸುಮಾರು 1,10,000. ಮನೆಯಲ್ಲಿದ್ದುದು ಕಂಚು. ಬೆಳ್ಳಿಯ ಮುಲಾಮು ಹುಣಸೆಹಣ್ಣಿಗೆ ಹೋಯಿತೆಂದು ಮನೆಯವರು ಸಮಾಧಾನ ಹೇಳಿಕೊಂಡಿದ್ದರು. ಇನ್ನು ಆ ಕುದುರೆ: ಅದರ ಮೇಲಿರುವವನು ಇಂಗ್ಲೆಂಡಿನ ಸಂತ ಜಾರ್ಜ್. ಲಕ್ಷಗಟ್ಟಲೆ ಪದಕಗಳ ಮೇಲೆಲ್ಲ ಅವನೇ ಇದ್ದಾನೆ.

ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗಕ್ಕೆ ಮೇಷ್ಟರು ಪತ್ರ ಬರೆದರು. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದ ನಮ್ಮ ಹೆಸರುಗಳಲ್ಲಿ ಒಬ್ಬನೇ ಮೂವರಾಗುತ್ತಾನೆ, ಮೂವರು ಒಬ್ಬನಾಗುತ್ತಾರೆ. ಆ ಹೆಸರಿನವರು ಮೂವರಿದ್ದರು. ಒಬ್ಬನು ಮಾತ್ರ ಸವಾರ. ಬೇಕೆಂದವರಿಗೆ ಆ ಸವಾರನನ್ನು ತಮ್ಮವನನ್ನಾಗಿ ಮಾಡಿಕೊಳ್ಳುವುದು ಸುಲಭವಾಗಿತ್ತು. ಆದರೆ ಅವನ ತಂದೆಯ ಹೆಸರು ಬೇರೆ, ಊರು ಬೇರೆ. ಪದಕದ ಸಂಖ್ಯೆಗೂ, ಮುತ್ತಜ್ಜನ ಹೆಸರಿಗೂ, ವಿರೂಪಗೊಂಡಿದ್ದರೂ ಗುರುತು ಹಿಡಿಯಬಹುದಾದ ಗ್ರಾಮದ ಹೆಸರಿಗೂ ಹೊಂದಿಕೆಯಾದ ಸಾಲು ಒಂದೇ: ಕೂಲಿ ದಳ, ಮೆಸೊಪೊಟೇಮಿಯಾ, 1917ರ ಜುಲೈ. ಹೈಫಾದ ಯುದ್ಧಕ್ಕೆ ಒಂದು ವರ್ಷಕ್ಕೂ ಹಿಂದೆ, ಬೇರೆಯೇ ರಣರಂಗದಲ್ಲಿ. ಸಾವಿನ ಕಾರಣವನ್ನು ಆ ಸಾಲು ಹೇಳುವುದಿಲ್ಲ.

ಯುದ್ಧವೆಂದರೆ ಗುಂಡು ಹಾರಿಸುವವರದೆಂದು ನಾವು ತಿಳಿಯುತ್ತೇವೆ. 1919ರ ಕೊನೆಯವರೆಗೆ ಭಾರತದಿಂದ ಸೇರಿಸಿಕೊಂಡ ಸುಮಾರು 14 ಲಕ್ಷ ಜನರಲ್ಲಿ 5,63,369 ಮಂದಿ ಆಯುಧ ಹಿಡಿಯದವರು. ಹೊರೆ ಹೊತ್ತವರು, ಹಡಗಿನಿಂದ ಸಾಮಾನು ಇಳಿಸಿದವರು, ಕುದುರೆ ತಿಕ್ಕಿದವರು, ರೊಟ್ಟಿ ಸುಟ್ಟವರು, ನೀರು ಹೊತ್ತವರು, ಕಕ್ಕಸು ಬಳಿದವರು. ಬಸ್ರಾದಿಂದ ಬಾಗ್ದಾದಿನವರೆಗೆ ಸೈನ್ಯ ಸಾಗಿದ್ದು ಇವರ ಬೆನ್ನಿನ ಮೇಲೆ. 1917ರ ಜುಲೈಯಲ್ಲಿ ಅಲ್ಲಿನ ಬಿಸಿಲು ಗುಂಡಿಗಿಂತ ಹೆಚ್ಚು ಜನರನ್ನು ನೆಲಕ್ಕೆ ಕೆಡಹಿತು. ರಾಮಾದಿಯ ಮೇಲಿನ ದಾಳಿಯನ್ನು ಬಿಸಿಲಿಗಾಗಿಯೇ ಕೈಬಿಡಬೇಕಾಯಿತು. ರೋಗ ಯಾರನ್ನೂ ಬಿಡಲಿಲ್ಲ. ಬಾಗ್ದಾದನ್ನು ಗೆದ್ದ ಸೇನಾಪತಿ ಜನರಲ್ ಮಾಡ್ ಅದೇ ವರ್ಷದ ನವೆಂಬರಿನಲ್ಲಿ ಕಾಲರಾದಿಂದ ತೀರಿಕೊಂಡನು.

ಸಾವು ಸಮನಾಗಿತ್ತು, ಸ್ಮರಣೆ ಸಮನಾಗಲಿಲ್ಲ. ಮಾಡ್‌ನ ಸಮಾಧಿಗೆ ಬಾಗ್ದಾದಿನಲ್ಲಿ ಕಲ್ಲಿನ ಮಂಟಪವಿದೆ. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿಸಲಾಯಿತು, ಅದು ಯೂರೋಪಿನ ಕಣ್ಣೆದುರು ಇದ್ದ ನೆಲವಾದ್ದರಿಂದ ಎಂದು ಊಹಿಸಿದರೆ ತಪ್ಪಾಗಲಾರದು. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳಿಗೆ ಹೆಸರುಗಳು ದೊರೆತವು. ಸಾಮಾನ್ಯ ಭಾರತೀಯ ಸಿಪಾಯಿಗಳು ದಳದ ಹೆಸರಿನ ಕೆಳಗೆ ‘ಇನ್ನೂ ಇಷ್ಟು ಮಂದಿ’ ಎಂಬ ಅಂಕೆಗಳಾದರು. ಪದವಿಭೇದವಿಲ್ಲದೆ ಮಡಿದ ಪ್ರತಿಯೊಬ್ಬನನ್ನೂ ಹೆಸರಿನಿಂದ ಸ್ಮರಿಸಬೇಕೆಂಬುದು ಇದೇ ಆಯೋಗದ ಮೂಲತತ್ತ್ವ. ಅದು ಸ್ಥಾಪನೆಯಾದದ್ದು 1917ರ ಮೇ ತಿಂಗಳಲ್ಲಿ, ಈ ಅಜ್ಜ ಸಾಯುವ ಎರಡು ತಿಂಗಳ ಮುಂಚೆ. ಅವರ ಹೆಸರು ಕಲ್ಲಿನ ಮೇಲೆ ಏರಲಿಲ್ಲ, ಕಾಗದದ ಮೇಲೆ ಉಳಿಯಿತು.

ಮೇಷ್ಟರು ಈ ಸಂಗತಿಯನ್ನು ತಿಳಿಸಿದಾಗ ಅಣ್ಣನವರಿಗೆ ಸಿಟ್ಟು ಬಂದಿತು. ‘ಹೈಫಾ ವೀರ’ ಎಂದು ಕೆತ್ತಲು ಕಲ್ಲುಕುಟಿಗನಿಗೆ ಮುಂಗಡವನ್ನೂ ಕೊಟ್ಟಾಗಿತ್ತು. “ಯಾರು ಕೇಳುತ್ತಾರೆ? ಯಾರಿಗೆ ಇದರಿಂದ ನಷ್ಟ?” ಎಂದರು. ಮೇಷ್ಟರು, “ಅಣ್ಣ, ಅದು ಪಾಠ ಹೇಳುವ ಕೊಠಡಿಯ ಗೋಡೆ” ಎಂದಷ್ಟೇ ಹೇಳಿದರು. ಅಣ್ಣನವರ ಕೋಪದಲ್ಲಿ ಬರೀ ಜಂಬವಿತ್ತೆಂದು ತಿಳಿಯಬಾರದು. ಸವಾರನ ಮೊಮ್ಮಗನೆಂಬ ಮಾತು ಬಡತನದ ದಿನಗಳಲ್ಲಿ ಅವರನ್ನು ತಲೆಯೆತ್ತಿ ನಡೆಸಿತ್ತು.

ಹೆಚ್ಚು ಕಷ್ಟವಾದದ್ದು ಸೋದರತ್ತೆಗೆ ಹೇಳುವುದು. ತಂದೆ ಹಡಗು ಹತ್ತಿದ ಮೇಲೆ ಹುಟ್ಟಿದ ಮಗಳು ಆಕೆ. ವಯಸ್ಸು ಎಂಬತ್ತೈದು ದಾಟಿತ್ತು. ಇಳಿವಯಸ್ಸಿನಲ್ಲಿ ಆಕೆಯಿಂದ ಆ ಕುದುರೆಯನ್ನು ಕಸಿದುಕೊಳ್ಳುವುದು ಸತ್ಯವೋ ಹಿಂಸೆಯೋ ಎಂದು ಮೇಷ್ಟರು ಹಲವು ವಾರ ಸುಮ್ಮನಿದ್ದರು. ಕೊನೆಗೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಇದೇ ಮೇಲೆಂದು ಹೋಗಿ ಹೇಳಿದರು.

ಮುದುಕಿ ಬಹಳ ಹೊತ್ತು ಮಾತಾಡಲಿಲ್ಲ. “ಹಾಗಾದರೆ ಆ ಕುದುರೆ ಯಾರದು?” ಎಂದು ಕೇಳಿದರು. ಸಂತ ಜಾರ್ಜನ ವಿಷಯ ಕೇಳಿ ಸ್ವಲ್ಪ ನಕ್ಕರು. ಆಮೇಲೆ ಹೇಳಿದರು: “ನಿಮ್ಮಜ್ಜಿ ಒಂದು ದಿನವೂ ಕುದುರೆ ಅನ್ನಲಿಲ್ಲ ಕಣಪ್ಪ. ಇಲ್ಲ ಅಂತಲೂ ಅನ್ನಲಿಲ್ಲ. ನನ್ನ ಮದುವೆಯ ಮಾತುಕತೆಯಲ್ಲಿ ಚಿಕ್ಕಪ್ಪ ಆ ಪದಕವನ್ನು ತಂದು ಬೀಗರ ಮುಂದೆ ಇಟ್ಟರು. ಅವ್ವ ಒಳಗಿದ್ದಳು. ಕೇಳಿಸಿಕೊಂಡಳು, ಸುಮ್ಮನಿದ್ದಳು.”

ಆ ಮೌನವನ್ನು ಏನೆಂದು ಕರೆಯಬೇಕು? ತಂದೆಯಿಲ್ಲದ ಮಗಳಿಗೆ ಒಂದು ಮನೆ ಸಿಗಲೆಂದು ತಾಯಿಯೊಬ್ಬಳು ಇನ್ನೊಬ್ಬರ ಸುಳ್ಳನ್ನು ತಡೆಯಲಿಲ್ಲ. ಅದನ್ನು ಗುಣವೆನ್ನಲು ಬಾರದು. ದೋಷವೆನ್ನಲು ನಾಲಗೆ ಏಳುವುದಿಲ್ಲ. ಆದರೆ ಅವಳ ಅಗತ್ಯ ಅವಳೊಂದಿಗೆ ಮುಗಿದಿತ್ತು. ಶಾಲೆಯ ಗೋಡೆಗೆ ಆ ಅಗತ್ಯವಿರಲಿಲ್ಲ.

ಕಲ್ಲಿನ ಒಕ್ಕಣೆ ಕೊನೆಗೆ ಚೌಕಾಸಿಯಲ್ಲಿ ತೀರ್ಮಾನವಾಯಿತು. ‘ವೀರ’ ಎಂಬ ಮಾತನ್ನು ಮೇಷ್ಟರು ಒಪ್ಪಲಿಲ್ಲ, ‘ಕೂಲಿ’ ಎಂಬ ಮಾತನ್ನು ಅಣ್ಣನವರು ಒಪ್ಪಲಿಲ್ಲ. ರಣರಂಗದಲ್ಲಿ ಮಡಿದರೆಂದು ಬರೆಯಲು ಆಧಾರವಿರಲಿಲ್ಲ. ಅಜ್ಜನ ಹೆಸರು, ಅವರ ತಂದೆಯ ಹೆಸರು, ‘1917ರಲ್ಲಿ ಮೆಸೊಪೊಟೇಮಿಯಾದಲ್ಲಿ ತೀರಿಕೊಂಡರು’ ಎಂಬ ಒಂದು ಸಾಲು ಕೆತ್ತಲ್ಪಟ್ಟಿತು. ಸುಳ್ಳು ನುಡಿಯದಿರುವುದು ಬೇರೆ, ಇದ್ದುದನ್ನೆಲ್ಲ ನುಡಿಯುವುದು ಬೇರೆ. ಮೊದಲನೆಯದು ಮಾತ್ರ ಅಲ್ಲಿ ಸಾಧ್ಯವಾಯಿತು. ಉದ್ಘಾಟನೆಗೆ ಅಣ್ಣನವರು ಬಂದರು, ಭಾಷಣ ಮಾಡಲಿಲ್ಲ.

2021ರ ಏಪ್ರಿಲ್‌ನಲ್ಲಿ ಆಯೋಗವು ತನ್ನದೇ ಸಮಿತಿಯ ವರದಿಯನ್ನು ಪ್ರಕಟಿಸಿ ಕ್ಷಮೆ ಕೇಳಿತು. ಆ ಯುದ್ಧದಲ್ಲಿ ಮಡಿದ ಏಷ್ಯಾ ಆಫ್ರಿಕಾಗಳ ಜನರಲ್ಲಿ 45,000ದಿಂದ 54,000 ಮಂದಿಯನ್ನು ಇತರರಿಗೆ ಸಮನಾಗಿ ಸ್ಮರಿಸಲಿಲ್ಲವೆಂದೂ, ಕನಿಷ್ಠ 1,16,000, ಬಹುಶಃ 3,50,000ದವರೆಗೆ ಜನರಿಗೆ ಹೆಸರಿನ ಸ್ಮರಣೆಯೇ ದೊರೆಯಲಿಲ್ಲವೆಂದೂ ಅದು ಒಪ್ಪಿಕೊಂಡಿತು. ಸೋದರತ್ತೆ ಆ ವೇಳೆಗೆ ಇರಲಿಲ್ಲ.

ದಿನಾಂಕ ದೊರೆತಾಗ ಮೇಷ್ಟರು ಪಂಚಾಂಗ ತಿರುವಿ ತಿಥಿಯನ್ನೂ ಲೆಕ್ಕಹಾಕಿಸಿದ್ದರು; ಆಷಾಢ ಬಹುಳವೆಂದು ಬಂದಿತು. ತಿಥಿ ತಿಳಿಯದ ಕಾರಣ ಆ ಮನೆಯಲ್ಲಿ ಎಡೆಯಿಡುತ್ತಿದ್ದುದು ಮಹಾಲಯ ಅಮಾವಾಸ್ಯೆಯಂದು. ಇನ್ನು ಮುಂದೆ ನಿಜವಾದ ದಿನವೇ ಮಾಡೋಣವೆಂದಾಗ ಸೋದರತ್ತೆ ಒಪ್ಪಿರಲಿಲ್ಲ. “ಎಂಬತ್ತು ವರ್ಷದಿಂದ ಅಮಾವಾಸ್ಯೆಗೆ ಬಂದು ಉಂಡು ಹೋಗಿದ್ದಾರೆ. ಈಗ ದಿನ ಬದಲಾಯಿಸಿದರೆ ಅವರಿಗೆ ಯಾರು ಹೇಳುತ್ತಾರೆ?” ಎಂದಿದ್ದರು. ಆ ಮನೆಯಲ್ಲಿ ಇಂದಿಗೂ ಎಡೆಯಿಡುವುದು ಅಮಾವಾಸ್ಯೆಯಂದೇ.