ಹಿರಿಯ ಚಳಿಯ ನಲವತ್ತು ದಿನಗಳು

ಮುಂಬಯಿವಾಸಿಗಳಾದ ನಮಗೆ ಚಳಿಗಾಲವೆಂಬುದು ವರ್ಷಕ್ಕೊಮ್ಮೆ ಬಂದು, ಹೊಸಿಲಲ್ಲೇ ನಿಂತು ಕುಶಲ ಕೇಳಿ, ನೀರನ್ನೂ ಕುಡಿಯದೆ ಹೊರಟುಹೋಗುವ ದೂರದ ನೆಂಟನಿದ್ದಂತೆ. ಜನವರಿಯ ಬೆಳಗಿನಲ್ಲಿ ಉಷ್ಣಮಾನ ಹದಿನೈದು ಡಿಗ್ರಿಗೆ ಇಳಿಯಿತೆಂದರೆ ಸಾಕು, ಲೋಕಲ್ ಗಾಡಿಯಲ್ಲಿ ಕಿವಿಗೆ ಮಫ್ಲರು ಸುತ್ತಿದ ಮಹನೀಯರು ಕಾಣಿಸಿಕೊಳ್ಳುತ್ತಾರೆ. 1962ನೆಯ ಇಸವಿಯ ಜನವರಿ 22ರಂದು ಸಾಂತಾಕ್ರೂಜಿನಲ್ಲಿ 7.4 ಡಿಗ್ರಿಯಷ್ಟು ಚಳಿಯಾದುದನ್ನು ನಮ್ಮ ನಗರವು ತನ್ನ ಪಾಲಿನ ಪರಾಕ್ರಮವೆಂಬಂತೆ ನೆನೆಯುತ್ತದೆ. ಇಂತಹ ಊರಿನಲ್ಲಿ, ಚಾಳಿನ ಒಂದೇ ಕೋಣೆಯಲ್ಲಿ ಬೆಳೆದು, ನೀವೀಗ ಕುಳಿತಿರುವ ಬೆಂಚುಗಳ ಮೇಲೆಯೇ ಕುಳಿತು ಕನ್ನಡ ಕಲಿತವಳು ನಾನು. ಚಳಿಗೆ ಇನ್ನೊಂದು ಮುಖವೂ ಉಂಟೆಂಬುದನ್ನು ನಾನು ಕಂಡದ್ದು 2021ರ ಆರಂಭದಲ್ಲಿ, ಕಾಶ್ಮೀರದ ಕಣಿವೆಯಲ್ಲಿ. ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಆ ದಿನಗಳೇ ಕಣ್ಣ ಮುಂದೆ ಬಂದು ನಿಂತವು.

ಹಣ್ಣಿನ ಮರಗಳಿಗೆ ತಗಲುವ ಬೇನೆಗಳನ್ನು ಅಭ್ಯಸಿಸುವುದು ನನ್ನ ವೃತ್ತಿ. 2020ರ ಮಹಾಮಾರಿಯ ದೆಸೆಯಿಂದ ಬೇಸಗೆಯಲ್ಲಿ ಮುಗಿಯಬೇಕಾಗಿದ್ದ ಕೆಲಸ ಹಿಂದೆ ಬಿದ್ದು, ಚಳಿಗಾಲವನ್ನು ಅಲ್ಲಿಯೇ ಕಳೆಯುವ ಪ್ರಸಂಗ ಒದಗಿತು. ಪೀರ್ ಪಂಜಾಲ್ ಪರ್ವತಗಳ ಅಡಿಯಲ್ಲಿ, ಶೋಪಿಯಾನ್ ಜಿಲ್ಲೆಯಲ್ಲಿ, ಸೇಬಿನ ತೋಟಗಳ ನಡುವೆ ಒಂದು ಹಳ್ಳಿ. ದೊಡ್ಡ ರಸ್ತೆಯಿಂದ ನಾಲ್ಕು ಕಿಲೋಮೀಟರು ಒಳಗೆ, ದಾರಿ ಮುಗಿಯುವ ಕಡೆಯಲ್ಲಿ ನಾನಿದ್ದ ಮನೆ. ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು; ಅವರೊಡನೆ ಏಳನೆಯವಳಾಗಿ ನಾನು. ಮೂರು ಅಂತಸ್ತು, ಒಂಬತ್ತು ಕೋಣೆಗಳ ಆ ಮನೆಯನ್ನು ಮೊದಲ ದಿನ ಕಂಡಾಗ, ನಮ್ಮ ಚಾಳಿನ ಅರ್ಧ ಮಂದಿಯನ್ನು ಇದರಲ್ಲಿ ಇರಿಸಬಹುದಲ್ಲ ಎಂದು ಮನಸ್ಸು ಲೆಕ್ಕ ಹಾಕಿತು.

ಕಾಶ್ಮೀರದವರು ಚಳಿಗೂ ಕುಟುಂಬವೊಂದನ್ನು ಕಲ್ಪಿಸಿದ್ದಾರೆ. ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಾಲ ಆಳುವವನು ಚಿಲ್ಲೈ ಕಲಾನ್, ಎಂದರೆ ಹಿರಿಯ ಚಳಿ. ಅವನ ಹಿಂದೆ ಇಪ್ಪತ್ತು ದಿನಗಳ ಚಿಲ್ಲೈ ಖುರ್ದ್, ಕಿರಿಯ ಚಳಿ. ಕೊನೆಯಲ್ಲಿ ಹತ್ತು ದಿನಗಳ ಚಿಲ್ಲೈ ಬಚ್ಚಾ, ಮರಿಚಳಿ. ಹೀಗೆ ಎಪ್ಪತ್ತು ದಿನ. ಹೆಸರಿಟ್ಟು ದಿನ ಎಣಿಸಿದ ಶತ್ರುವಿಗೆ ಹೆದರಿಕೆ ಅರ್ಧ ಕಡಮೆಯೆಂದು ಅಜ್ಜ ಹೇಳುತ್ತಿದ್ದರು. ಆ ಕಾಲದಲ್ಲಿ ಅಲ್ಲಿ ಶಾಲೆಗಳಿಗೆ ದೊಡ್ಡ ರಜೆ. ನಿಮಗೆ ಬೇಸಗೆಯ ರಜೆಯಿರುವಂತೆ ಅಲ್ಲಿನ ಮಕ್ಕಳಿಗೆ ಚಳಿಯ ರಜೆ.

ಹಿರಿಯ ಚಳಿ ಕಾಲಿಟ್ಟೊಡನೆ ಆ ಒಂಬತ್ತು ಕೋಣೆಯ ಮನೆ ದಿನದಿನಕ್ಕೂ ಕಿರಿದಾಗತೊಡಗಿತು. ಮೊದಲು ಮೇಲಿನ ಅಂತಸ್ತಿಗೆ ಬೀಗ ಬಿದ್ದಿತು. ಬಳಿಕ ಅತಿಥಿಗಳ ಕೋಣೆ, ಅನಂತರ ನನ್ನ ಕೋಣೆ. ವಾರದೊಳಗೆ ಏಳು ಜನರೂ ಒಂದೇ ಕೋಣೆಗೆ ಬಂದು ಸೇರಿದೆವು. ಅದನ್ನು ಹಮಾಮ್ ಎನ್ನುತ್ತಾರೆ. ನೆಲಕ್ಕೆ ಕಲ್ಲುಚಪ್ಪಡಿ ಹಾಸಿ, ಅದರಡಿಯನ್ನು ಪೊಳ್ಳಾಗಿ ಬಿಟ್ಟು, ಹೊರಗಿನ ಬಾಯಿಯಿಂದ ಸೌದೆಯೊಟ್ಟಿ ಉರಿಸುತ್ತಾರೆ. ನಮ್ಮ ಹಳ್ಳಿಗಳ ಬಚ್ಚಲಮನೆಯ ಹಂಡೆಯಂತೆ ಅಲ್ಲಿಯೂ ಒಂದು ತಾಮ್ರದ ಪಾತ್ರೆ. ಅದರಲ್ಲಿ ಹಗಲಿರುಳೂ ಬಿಸಿನೀರು. ಅದೇ ಕೋಣೆಯಲ್ಲಿ ಊಟ, ನಿದ್ರೆ, ಮಕ್ಕಳ ಪಾಠ, ಅಜ್ಜನ ನಮಾಜು, ಸೊಸೆಯ ಹೊಲಿಗೆ, ನನ್ನ ಕಾಗದಪತ್ರಗಳು. ಹಗಲು ಸುರುಳಿ ಸುತ್ತಿ ಗೋಡೆಗೆ ಆನಿಸಿದ ಹಾಸಿಗೆಗಳು ರಾತ್ರಿ ಬಿಚ್ಚಿಕೊಂಡಾಗ ಕಾಲಿಡಲು ಎಡೆಯಿಲ್ಲ. ಮನೆಯವರು ನನಗೆ ಅನನುಕೂಲವಾದೀತೆಂದು ಸಂಕೋಚಪಟ್ಟರು. ಆದರೆ ಆ ವಿದ್ಯೆಯಲ್ಲಿ ನಾನು ಅವರಿಗಿಂತ ಹಿರಿಯಳಾಗಿದ್ದೆ. ಒಬ್ಬರು ಓದುವಾಗ ಇನ್ನೊಬ್ಬರು ದನಿ ತಗ್ಗಿಸುವುದು, ಬೆನ್ನು ತಿರುಗಿಸಿ ಕುಳಿತೇ ಏಕಾಂತವನ್ನು ಪಡೆಯುವುದು, ಕೇಳಿಸಿದರೂ ಕೇಳಿಸದವರಂತೆ ಇರುವುದು, ಇವೆಲ್ಲ ಚಾಳಿನ ಮಕ್ಕಳಿಗೆ ಹುಟ್ಟಿನಿಂದ ಬಂದ ಪಾಠಗಳಷ್ಟೆ!

ಊಟದ ಸಂಗತಿಯನ್ನು ಹೇಳದಿದ್ದರೆ ಚಳಿಗಾಲದ ವರ್ಣನೆ ಪೂರ್ಣವಾಗದು. ಬೇಸಗೆಯಲ್ಲಿ ಬದನೆ, ಸೋರೆ, ಟೊಮೇಟೊಗಳನ್ನು ಹೆಚ್ಚಿ ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಗಿಸಿಡುತ್ತಾರೆ. ಮನೆಯ ಹಿಂದೆ ಗುಂಡಿ ತೋಡಿ ಟರ್ನಿಪ್ ಗಡ್ಡೆಗಳನ್ನು ಹೂತಿಡುತ್ತಾರೆ. ಮಣ್ಣಿನ ಒಡಲಲ್ಲಿ ಅವು ಹಿಮದ ಕೈಗೆ ಸಿಕ್ಕದೆ ಉಳಿಯುತ್ತವೆ. ಅಟ್ಟದಿಂದ ಇಳಿದುಬಂದ ಒಣಬದನೆಯ ಮಾಲೆಯನ್ನು ಕಂಡಾಗ, ಚಾಳಿನ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆಯಿಟ್ಟು, ಕಾಗೆ ಕಾಯಲು ನನ್ನನ್ನು ಕೂರಿಸುತ್ತಿದ್ದ ನಮ್ಮ ತಾಯಿಯವರ ನೆನಪಾಯಿತು. ದಿನಕ್ಕೆ ಮೂರು ಬಾರಿ ನೂನ್ ಚಾಯ್. ಹಸಿರು ಚಹದ ಎಲೆಯನ್ನು ಸೋಡದೊಡನೆ ಬಹಳ ಹೊತ್ತು ಕುದಿಸಿ, ಹಾಲು ಬೆರಸಿ, ಉಪ್ಪು ಹಾಕಿದ ಗುಲಾಬಿ ಬಣ್ಣದ ಪಾನೀಯ. ಮೊದಲ ಗುಟುಕಿಗೆ ನಾಲಗೆ ತಕರಾರು ಹೂಡಿತು. ಹತ್ತನೆಯ ದಿನ ತಾನಾಗಿ ಕೇಳಿ ಪಡೆಯಿತು.

ಕೋಣೆಯಿಂದ ಹೊರಗೆ ಹೋಗಬೇಕಾದರೆ ಫೆರನ್ ಎಂಬ ಉದ್ದನೆಯ ನಿಲುವಂಗಿ, ಅದರೊಳಗೆ ಕಾಂಗ್ರಿ. ಬೆತ್ತದ ಬುಟ್ಟಿಯಂತೆ ಹೆಣೆದ ಹೊದಿಕೆಯೊಳಗೆ ಒಂದು ಮಣ್ಣಿನ ಕುಡಿಕೆ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ನಮ್ಮ ಅಗ್ಗಿಷ್ಟಿಕೆ ನಡೆಯಲು ಕಲಿತರೆ ಹೇಗೋ ಹಾಗೆ. ಶರತ್ಕಾಲದಲ್ಲಿ ಉದುರಿದ ಚಿನಾರ್ ಎಲೆಗಳನ್ನೂ ತೋಟದಲ್ಲಿ ಸವರಿದ ರೆಂಬೆಗಳನ್ನೂ ಸುಟ್ಟು ಅದಕ್ಕೆ ಇದ್ದಲು ಮಾಡಿಟ್ಟುಕೊಳ್ಳುತ್ತಾರೆ. ಆದರೆ ಕಾಯುವ ಕೆಂಡ ಕೊಲ್ಲಲೂ ಬಲ್ಲುದು. ಗಾಳಿಯಾಡದ ಕೋಣೆಯಲ್ಲಿ ಇದ್ದಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುವರು. ಅಕ್ಷರವನ್ನೇ ಕಲಿಯದ ಅಜ್ಜಿ ಆ ರಸಾಯನಶಾಸ್ತ್ರವನ್ನು ಚೆನ್ನಾಗಿ ಅರಿತಿದ್ದರು. ಮಲಗುವ ಮುನ್ನ ಕಾಂಗ್ರಿಗಳನ್ನೆಲ್ಲ ಎಣಿಸಿ ಜಗುಲಿಗೆ ಸಾಗಿಸಿ, ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಟ್ಟ ಹೊರತು ಅವರು ದೀಪ ಆರಿಸುತ್ತಿರಲಿಲ್ಲ.

ಜನವರಿಯ ಮೂರನೆಯ ತಾರೀಖು ಹಿಮ ಬೀಳತೊಡಗಿತು. ಮಳೆಗೆ ಸದ್ದುಂಟು, ಹಿಮಕ್ಕೆ ಸದ್ದಿಲ್ಲ. ಆರನೆಯ ತಾರೀಖಿನವರೆಗೂ ಅದು ಬೀಳುತ್ತಲೇ ಇದ್ದಿತು. ವಿದ್ಯುತ್ತು ಹೋಯಿತು. ಕಣಿವೆಯನ್ನು ಜಮ್ಮುವಿಗೆ ಜೋಡಿಸುವ ಹೆದ್ದಾರಿ ಮುಚ್ಚಿತು; ಶ್ರೀನಗರದ ವಿಮಾನಗಳು ನಿಂತವು. ಅಂಗಳದಲ್ಲಿ ಹಿಮ ತೊಡೆಯ ಮಟ್ಟಕ್ಕೆ ಬಂದಿತು. ಮಗ ಮಾಡಿನ ಮೇಲಿನ ಹಿಮವನ್ನು ಮರದ ಸಲಿಕೆಯಿಂದ ಕೆಳಗೆ ತಳ್ಳುತ್ತಿದ್ದರು. ತಳ್ಳದಿದ್ದರೆ ಅದರ ಭಾರಕ್ಕೆ ಮಾಡು ಕುಸಿದೀತು. ಸೂರಿನಂಚಿನಿಂದ ಹಿಮದ ಕೋಲುಗಳು ಆಲದ ಬಿಳಲುಗಳಂತೆ ಜೋಲಾಡಿದವು. ತೋಟ, ದಾರಿ, ಬೇಲಿ ಎಂಬ ಭೇದವೇ ಅಳಿದು ಎಲ್ಲವೂ ಒಂದೇ ಬಿಳುಪಾಯಿತು.

ಬೇಲಿಯ ಮಾತನ್ನು ಸುಮ್ಮನೆ ಎತ್ತಲಿಲ್ಲ. ನಮ್ಮ ಅಜ್ಜನಿಗೂ ನೆರೆಮನೆಯ ಯಜಮಾನನಿಗೂ ಎರಡು ತೋಟಗಳ ನಡುವಣ ಬೇಲಿಯ ವಿಷಯವಾಗಿ ಎರಡು ವರ್ಷಗಳಿಂದ ಮಾತುಕತೆಯಿರಲಿಲ್ಲ. ಎದುರಾದರೆ ಇಬ್ಬರೂ ಪರ್ವತಶಿಖರಗಳನ್ನು ಅವಲೋಕಿಸುತ್ತ ಸಾಗುತ್ತಿದ್ದರು. ಹಿಮ ನಿಂತ ರಾತ್ರಿ ಬಾಗಿಲು ತಟ್ಟಿದವನು ಆ ಮನೆಯ ಮಗ. ತುಂಬು ಗರ್ಭಿಣಿಯಾದ ಅವನ ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆಯ ನೋವು ಕಾಣಿಸಿಕೊಂಡಿತ್ತು. ಸೂಲಗಿತ್ತಿಯ ಕೈಮೀರಿದ ಪ್ರಸಂಗ, ಆಸ್ಪತ್ರೆಗೆ ಒಯ್ಯಲೇಬೇಕು. ದೊಡ್ಡ ರಸ್ತೆಯವರೆಗೆ ವಾಹನ ಬಂದೀತು. ಅಲ್ಲಿಗೆ ನಾಲ್ಕು ಕಿಲೋಮೀಟರು ಹಿಮದ ಹಾದಿ. ಹುಡುಗ ಹೊಸಿಲಿನ ಹೊರಗೇ ನಿಂತು, "ಬೇಲಿಯ ವಿಚಾರ..." ಎಂದು ತೊದಲಿದ. ಅಜ್ಜ ಆಗಲೇ ಸಲಿಕೆಯನ್ನು ಕೈಗೆತ್ತಿಕೊಂಡಿದ್ದರು. "ಬೇಲಿ ಎಲ್ಲಿದೆಯಪ್ಪ? ನನಗಂತೂ ಕಾಣಿಸುತ್ತಿಲ್ಲ" ಎಂದರು.

ಮನೆಗೊಬ್ಬರಂತೆ ಗಂಡಸರು ಹೊರಬಿದ್ದರು. ಮುಂದೆ ಹತ್ತು ಜನ ಹಿಮ ತೆಗೆಯುತ್ತ ಕಾಲುದಾರಿ ಕಡಿದರು. ಹಿಂದೆ ಹಗ್ಗದ ಮಂಚದ ಮೇಲೆ ಕಂಬಳಿಗಳಲ್ಲಿ ಸುತ್ತಿದ ಆ ತರುಣಿ. ಮಂಚಕ್ಕೆ ನಾಲ್ವರು ಹೆಗಲು ಕೊಟ್ಟರು. ನೂರು ಹೆಜ್ಜೆಗೊಮ್ಮೆ ಹೆಗಲುಗಳು ಬದಲಾದವು. ನಾನೂ ಅವಳ ಅತ್ತೆಯೂ ಮಂಚದ ಇಕ್ಕೆಲಗಳಲ್ಲಿ ನಡೆದೆವು. ಆಕೆಯ ಕೈಯಲ್ಲಿ ಕಾಂಗ್ರಿ, ನನ್ನ ಕೈಯಲ್ಲಿ ಟಾರ್ಚು. ಯಾರೂ ಮಾತನಾಡಲಿಲ್ಲ. ಸಲಿಕೆಯ ಸದ್ದು, ಉಸಿರಿನ ಸದ್ದು, ನಡುನಡುವೆ ಆ ಹೆಣ್ಣಿನ ನರಳುವಿಕೆ. ನರಳಿಕೆ ನಿಂತಾಗಲೇ ನನಗೆ ಹೆಚ್ಚು ಭಯ. ಆಗ ಬೆಳಕನ್ನು ಅವಳ ಮುಖದತ್ತ ತಿರುಗಿಸಿ ನೋಡುತ್ತಿದ್ದೆ. ನಾಲ್ಕು ಕಿಲೋಮೀಟರಿಗೆ ನಾಲ್ಕು ಗಂಟೆ ಹಿಡಿಯಿತು. ರಸ್ತೆಯಲ್ಲಿ ವಾಹನ ಕಾದಿತ್ತು. ಬೆಳಗು ಹರಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ತೀರ ಸಣ್ಣದು, ಆದರೂ ದನಿ ಮಾತ್ರ ದೊಡ್ಡದೆಂದು ಸುದ್ದಿ ಬಂದಿತು.

ವಾರ ಕಳೆದು ತಾಯಿಮಗು ಊರಿಗೆ ಮರಳಿದಾಗ ಇನ್ನೊಂದು ಚಿಂತೆ. ಮೋಡ ಸರಿದ ಆಕಾಶದಡಿಯಲ್ಲಿ ಚಳಿ ಇಮ್ಮಡಿಸಿತ್ತು. ಜನವರಿ 14ರ ರಾತ್ರಿ ಶ್ರೀನಗರದಲ್ಲಿಯೇ ಸೊನ್ನೆಗಿಂತ 8.4 ಡಿಗ್ರಿ ಕೆಳಗೆ. ಮೂವತ್ತು ವರ್ಷಗಳಲ್ಲಿ ಅಂತಹ ಚಳಿಯಾಗಿರಲಿಲ್ಲ. ದಲ್ ಸರೋವರ ಹೆಪ್ಪುಗಟ್ಟಿತು. ನೂರು ಪಾಲು ನೀರು ಮಂಜುಗಡ್ಡೆಯಾದರೆ ನೂರೊಂಬತ್ತು ಪಾಲಿನಷ್ಟು ಜಾಗ ಬೇಡುತ್ತದೆ. ಆ ಒಂಬತ್ತು ಪಾಲಿನ ಒತ್ತಡಕ್ಕೆ ಕಬ್ಬಿಣದ ನಲ್ಲಿಗಳೂ ಬಿರಿದವು. ನೆರೆಮನೆಯಲ್ಲಿ ಹಮಾಮ್ ಇರಲಿಲ್ಲ; ಬುಖಾರಿ ಎಂಬ ತಗಡಿನ ಒಲೆ ಮಾತ್ರ. ದಿನ ತುಂಬದೆ ಹುಟ್ಟಿದ ಕೂಸಿಗೆ ಅದರ ಏರಿಳಿಯುವ ಬಿಸಿ ಸಾಲದೆಂದು ಅಜ್ಜಿ ತೀರ್ಪಿತ್ತರು. ಬಾಣಂತಿಯೂ ಕೂಸೂ ಅತ್ತೆಯೂ ನಮ್ಮ ಕೋಣೆಗೆ ಬಂದರು. ಅಜ್ಜನೂ ಮಗನೂ ತಮ್ಮ ಹಾಸಿಗೆ ಸುತ್ತಿಕೊಂಡು ನೆರೆಮನೆಯ ಬುಖಾರಿಯ ಬಳಿಗೆ ಹೋದರು. ಎರಡು ವರ್ಷ ಪರ್ವತಗಳನ್ನೇ ನೋಡುತ್ತಿದ್ದ ಇಬ್ಬರು ಮುದುಕರು ಒಂದೇ ಒಲೆಯ ಎರಡು ಬದಿಯಲ್ಲಿ ಮಲಗಿ ಹಿರಿಯ ಚಳಿಯ ಉಳಿದ ರಾತ್ರಿಗಳನ್ನು ಕಳೆದರು. ಅಲ್ಲಿ ಅವರೇನು ಮಾತನಾಡಿಕೊಂಡರೋ ನಾವು ಕೇಳಲಿಲ್ಲ. ಬೆಳಗ್ಗೆ ಬಂದು ಅಜ್ಜ ಹೇಳುತ್ತಿದ್ದುದು ಇಷ್ಟೇ: "ಆತ ಬಹಳ ಗೊರಕೆ ಹೊಡೆಯುತ್ತಾನೆ."

ನಮ್ಮ ಕೋಣೆಯಲ್ಲಿ ಈಗ ಎಂಟು ಮಂದಿ. ಕೂಸು ಅತ್ತರೆ ಎಲ್ಲರಿಗೂ ಎಚ್ಚರ. ನಕ್ಕರೆ ಎಲ್ಲರಿಗೂ ಹಬ್ಬ. ಮಕ್ಕಳಿಬ್ಬರೂ ಅದಕ್ಕೆ ಕಾವಲು ನಿಂತರು. ಹುಡುಗ ಒಂದು ದಿನ ನನ್ನನ್ನು ಕೇಳಿದ: "ನಿಮ್ಮ ಮುಂಬಯಿಯ ಸಮುದ್ರ ಯಾವ ತಿಂಗಳಲ್ಲಿ ಹೆಪ್ಪುಗಟ್ಟುತ್ತದೆ?" ಎಂದೂ ಇಲ್ಲವೆಂದಾಗ ಅವನಿಗೆ ನನ್ನ ವಿಷಯದಲ್ಲಿ ನಿಜವಾದ ಕನಿಕರವುಂಟಾಯಿತು. ಹಿಮಕ್ಕೆ ಅವರ ನುಡಿಯಲ್ಲಿ ಶೀನ್ ಎಂದು ಅವರು ಕಲಿಸಿದರು. ಹಿಮವೆಂಬ ನಮ್ಮ ಮಾತನ್ನು ಅವರು ಕಲಿತರು.

ಮಾರ್ಚಿಯಲ್ಲಿ ಹಿಮ ಕರಗಿತು. ಬೇಲಿ ಇದ್ದಲ್ಲಿಯೇ ಕಾಣಿಸಿಕೊಂಡಿತು. ಆ ವ್ಯಾಜ್ಯ ಪೂರ್ತಿ ತೀರಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಈಗ ಮುದುಕರಿಬ್ಬರೂ ಅದನ್ನು ಬೇಲಿಯ ಬಳಿ ನಿಂತು, ಒಬ್ಬರ ಮುಖವನ್ನೊಬ್ಬರು ನೋಡುತ್ತ ವಾದಿಸುತ್ತಾರಂತೆ. ಆ ಮಗು ಬೇಲಿಯ ಕಂಡಿಯಲ್ಲಿ ನುಸುಳಿ ಎರಡೂ ತೋಟಗಳಲ್ಲಿ ಓಡಾಡಿಕೊಂಡಿದೆಯಂತೆ.

ಕೊನೆಯದಾಗಿ ಒಂದು ಮಾತು. ಸೇಬಿನ ಹಲವು ತಳಿಗಳಿಗೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆಗಳಷ್ಟು ಬೇಕು. ಅಷ್ಟು ಚಳಿಯುಂಡ ಮೇಲೆಯೇ ಮೊಗ್ಗಿಗೆ ಎಚ್ಚರ. ಇಲ್ಲವಾದರೆ ವಸಂತ ಬಂದರೂ ಹೂ ಸರಿಯಾಗಿ ಅರಳದು. ಮನುಷ್ಯರಿಗೂ ಹಾಗೆಯೇ ಕಷ್ಟ ಬೇಕೆಂದು ನಾನು ಹೇಳಲಾರೆ. ಆ ರಾತ್ರಿಯ ನರಳುವಿಕೆಯನ್ನು ಕೇಳಿದವರು ಯಾರೂ ಹಾಗೆ ಹೇಳಲಾರರು. ಮರ ಚಳಿಯನ್ನು ಒಂಟಿಯಾಗಿ ಉಣ್ಣುತ್ತದೆ. ಮನುಷ್ಯನಿಗೆ ಅದು ಸಾಧ್ಯವಿಲ್ಲ. ಅವನಿಗೆ ಬೇಸಗೆಯಲ್ಲಿಯೇ ಒಣಗಿಸಿಟ್ಟ ಬದನೆ ಬೇಕು, ನೆರೆಯವನ ಹೆಗಲು ಬೇಕು, ಹತ್ತು ಜನ ಕೂಡಿ ಕುಳಿತ ಒಂದು ಬೆಚ್ಚನೆಯ ಕೋಣೆ ಬೇಕು.

2025ರ ಜೂನ್ ತಿಂಗಳಿನಿಂದ ಕಾಶ್ಮೀರದ ರೈಲುಹಾದಿ ದೇಶದ ಉಳಿದ ಹಾದಿಗಳೊಡನೆ ಕೂಡಿಕೊಂಡಿದೆ. ಆ ಕಣಿವೆ ನಮಗೆ ಮೊದಲಿನಷ್ಟು ದೂರವಲ್ಲ. ವಾಶಿಯ ಮಾರುಕಟ್ಟೆಯಿಂದ ಬಂದ ಸೇಬನ್ನು ತಿನ್ನುವಾಗ, ಅದರ ಮರ ಕಳೆದ ರಾತ್ರಿಗಳನ್ನು ಒಮ್ಮೆ ನೆನೆಯಿರಿ. ಮಿತ್ರರೆ, ನಿಮ್ಮಲ್ಲಿ ಅನೇಕರು ಒಂದೇ ಕೋಣೆಯ ಮನೆಯಲ್ಲಿ, ತಂಗಿಯ ಅಳುವಿಗೂ ಅಡಿಗೆಯ ಒಗ್ಗರಣೆಗೂ ನಡುವೆ ಕುಳಿತು ಓದುತ್ತಿರುವಿರೆಂಬುದನ್ನು ಬಲ್ಲೆ. ಆ ಕೋಣೆ ಕಿರಿದೆಂದು ನಾಚಬೇಡಿ. ಒಂಬತ್ತು ಕೋಣೆಗಳಿದ್ದವರೂ ಕಠಿನವಾದ ಕಾಲ ಬಂದಾಗ ಒಂದೇ ಕೋಣೆಯನ್ನು ಆರಿಸಿಕೊಂಡುದನ್ನು ನಾನು ಕಣ್ಣಾರೆ ಕಂಡಿದ್ದೇನೆ.